ಪ್ಲೇಟು ಒರೆಸುವ ಮುನ್ನ ತುಸು ಇತಿಹಾಸ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟುಗಳು ಇವೆಯೆ? ಇದ್ದರೆ ಅವನ್ನು ಕೆಳಗಿಳಿಸಿ ಒರೆಸುವ ಮುನ್ನ ಈ ಲೇಖನ ಓದಿ. ಹೀಗೆ ಒರೆಸಲು ಹೋಗಿಯೇ ನಾನು ಒಂದು ಹಾಡನ್ನು ಕಳೆದಿದ್ದೇನೆ.

ಆಗಷ್ಟೇ ಅಧ್ಯಾಪಕನಾಗಿ ಸೇರಿದ್ದೆ. ಬಸವಕಲ್ಯಾಣದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಒಂದು ಟ್ರಂಕಿನ ತುಂಬ ಪ್ಲೇಟುಗಳಿದ್ದವು. ಪ್ರಯೋಗಾಲಯದಲ್ಲಿ ಮಸೂರಗಳನ್ನು ಸ್ಪಿರಿಟ್‌ನಿಂದ ಒರೆಸಿ ನನಗೆ ಅಭ್ಯಾಸ. ಅದೇ ಧೈರ್ಯದಿಂದ ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ಪ್ಲೇಟನ್ನು ಉಜ್ಜಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆಯೆಂದು ಹಿಗ್ಗಿ ಇನ್ನಷ್ಟು ಉಜ್ಜಿದೆ. ಆರಿದ ಮೇಲೆ ನೋಡಿದರೆ ಹೊಳಪು ಹೋಗಿತ್ತು. ಹಾಕಿ ಕೇಳಿದರೆ ಬರೀ ಕರಕರ ಸದ್ದು. ಹಾಡು ಎಲ್ಲೋ ದೂರದಲ್ಲಿತ್ತು. ಅಂದು ಬಾಗಿಲಿಗೆ ಪಾಲಿಶ್ ಮಾಡಲು ಬಂದಿದ್ದ ಬಡಗಿ ಆ ಹತ್ತಿಯನ್ನು ಮೂಸಿ ನೋಡಿ, "ಇದು ಅರಗು ಅದರಿ ಸರ, ಸ್ಪಿರಿಟ್ ಹಚ್ಚಿದ್ರ ಕರಗ್ತದರಿ" ಎಂದ. ಅವನ ಡಬ್ಬಿಯಲ್ಲಿದ್ದ ಪಾಲಿಶ್ ಕೂಡ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ. ಭೌತವಿಜ್ಞಾನದ ಅಧ್ಯಾಪಕನಿಗೆ ತಿಳಿಯದ ವಸ್ತುಗುಣ ಅವನಿಗೆ ತಿಳಿದಿತ್ತು.

ಅಂದು ಕಲಿತ ಪಾಠ ಇಷ್ಟೆ: ಕಪ್ಪಾಗಿ, ದುಂಡಗೆ ಇರುವುದೆಲ್ಲ ಒಂದೇ ವಸ್ತುವಲ್ಲ. ಅಜ್ಜನ ಕಾಲದ ಪ್ಲೇಟು ಬೇರೆ, ಅಪ್ಪನ ಕಾಲದ ಪ್ಲೇಟು ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಇದು ಹೇಗೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಅರಗಿನ ಕಾಲ

1877ರಲ್ಲಿ ಎಡಿಸನ್ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಧ್ವನಿಯನ್ನು ದಾಖಲಿಸಿದರು. ಅದರ ಪ್ರತಿಗಳನ್ನು ತೆಗೆಯುವುದು ಕಷ್ಟವಾಗಿತ್ತು. ಎಮಿಲಿ ಬರ್ಲಿನರ್ 1887ರಲ್ಲಿ ಚಪ್ಪಟೆ ತಟ್ಟೆಯ ದಾರಿ ಹಿಡಿದರು. ತಟ್ಟೆಯಿಂದ ಲೋಹದ ಅಚ್ಚು ತೆಗೆದು, ರೊಟ್ಟಿ ಒತ್ತಿದಂತೆ ಸಾವಿರಾರು ಪ್ರತಿಗಳನ್ನು ಒತ್ತಬಹುದಿತ್ತು. ಮೊದಮೊದಲು ಗಡಸು ರಬ್ಬರನ್ನು ಬಳಸಿದರು. 1890ರ ದಶಕದ ಉತ್ತರಾರ್ಧದಲ್ಲಿ ಅದರ ಜಾಗಕ್ಕೆ ಅರಗು ಬಂತು. ಅರಗು ನಮ್ಮ ದೇಶದ ವಸ್ತು. ಮುತ್ತುಗ, ಜಾಲಿ ಜಾತಿಯ ಮರಗಳ ಮೇಲೆ ವಾಸಿಸುವ ಅರಗಿನ ಹುಳು ಸ್ರವಿಸುವ ರಾಳ ಇದು. ಪಾಂಡವರ ಅರಗಿನ ಮನೆಯ ಕಥೆ ಯಾರಿಗೆ ಗೊತ್ತಿಲ್ಲ? ಅದೇ ಅರಗು ಜಗತ್ತಿನ ಹಾಡುಗಳಿಗೂ ಮನೆಯಾಯಿತು.

ಆದರೆ ಪ್ಲೇಟಿನಲ್ಲಿ ಅರಗಿನ ಪಾಲು ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದು ಸುಣ್ಣಕಲ್ಲು, ಸ್ಲೇಟುಗಳ ನುಣುಪಾದ ಪುಡಿ, ಹತ್ತಿಯ ಎಳೆ ಮತ್ತು ಕಪ್ಪು ಬಣ್ಣಕ್ಕೆ ಕಾಡಿಗೆ. ಕಲ್ಲಿನ ಪುಡಿ ಸೇರಿಸಿದ್ದಕ್ಕೆ ಕಾರಣವಿತ್ತು. ಆಗಿನ ಉಕ್ಕಿನ ಮುಳ್ಳು ಪ್ಲೇಟಿನ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹಾಕುತ್ತಿತ್ತು. ಕಲ್ಲಿನ ಪುಡಿ ಆ ಮುಳ್ಳನ್ನೇ ಸವೆಸಿ, ತನ್ನ ಗೆರೆಯ ಆಕಾರಕ್ಕೆ ತಂದುಕೊಳ್ಳುತ್ತಿತ್ತು. ಅದಕ್ಕೇ ಪ್ರತಿ ಸಲವೂ ಹೊಸ ಮುಳ್ಳು ಹಾಕಬೇಕಿತ್ತು. ಖರ್ಚು ಉಳಿಸಲು ಒಂದೇ ಮುಳ್ಳಿನಲ್ಲಿ ಹತ್ತಾರು ಹಾಡು ಕೇಳಿದ ಮನೆಗಳ ಪ್ಲೇಟುಗಳು ಇಂದು ಬೂದು ಬಣ್ಣಕ್ಕೆ ತಿರುಗಿರುವುದನ್ನು ನೀವು ನೋಡಬಹುದು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕೊಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ದಾಖಲಿಸಿದರು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಪ್ಲೇಟುಗಳಾಗಿ ಮರಳಿದವು. ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ದೂರದ ಕಾರ್ಖಾನೆಯವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ಸೇರಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1908ರಲ್ಲಿ ಕೊಲ್ಕತ್ತಾದ ಸಿಯಾಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಆರಂಭವಾದ ಮೇಲೆ ನಮ್ಮ ಅರಗು ನಮ್ಮಲ್ಲೇ ಹಾಡಾಗತೊಡಗಿತು.

ವಿನೈಲ್ ಬಂದ ಬಗೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಅರಗಿನ ಪೂರೈಕೆಗೆ ಅಡ್ಡಿಯಾಯಿತು. 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟುಗಳಿಗೆ ಅರಗಿನ ಬಳಕೆಯನ್ನು ಮಿತಗೊಳಿಸಿತು. ಸೈನಿಕರಿಗೆ ಕಳುಹಿಸುವ ಪ್ಲೇಟುಗಳನ್ನು ಒಡೆಯದ ವಿನೈಲ್‌ನಲ್ಲಿ ಒತ್ತಿದರು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ದೀರ್ಘಾವಧಿ ಪ್ಲೇಟನ್ನು, ಅಂದರೆ ಎಲ್.ಪಿ.ಯನ್ನು ಹೊರತಂದಿತು. ಹತ್ತು ಅಂಗುಲದ ಅರಗಿನ ಪ್ಲೇಟಿನಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು, ಎಲ್.ಪಿ.ಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಭಾರತದಲ್ಲಿ ಮಾತ್ರ 78 ಸುತ್ತಿನ ಪ್ಲೇಟುಗಳು 1960ರ ದಶಕದಲ್ಲೂ ತಯಾರಾದವು. ಹಾಗಾಗಿ ನಮ್ಮ ಮನೆಗಳ ಟ್ರಂಕುಗಳಲ್ಲಿ ಎರಡೂ ಬಗೆಯವು ಬೆರೆತುಹೋಗಿವೆ.

ವಿನೈಲ್ ಎಂದರೆ ನೀರಿನ ಪೈಪಿನ ಪಿ.ವಿ.ಸಿ.ಯ ಹತ್ತಿರದ ನೆಂಟ. ಅದರಲ್ಲಿ ಕಲ್ಲಿನ ಪುಡಿ ಇಲ್ಲ. ಆದ್ದರಿಂದ ಸದ್ದು ಶುದ್ಧ. ಆದರೆ ಅದೇ ಕಾರಣಕ್ಕೆ ಅದು ಮೆತ್ತಗೆ. ಗೀರು ಬೀಳುವುದು ಸುಲಭ.

ಗೆರೆಯೊಳಗಿನ ಲೆಕ್ಕ

ನಾವು ಗೆರೆ ಎನ್ನುವುದು ನಿಜವಾಗಿ ಒಂದು ಕಾಲುವೆ. ಎಲ್.ಪಿ.ಯಲ್ಲಿ ಅದರ ಅಗಲ ಸುಮಾರು 60 ಮೈಕ್ರಾನ್. 22 ನಿಮಿಷ ಓಡುವ ಒಂದು ಬದಿಯಲ್ಲಿ 733 ಸುತ್ತುಗಳು. ಸರಾಸರಿ ಸುತ್ತಳತೆ ಸುಮಾರು 64 ಸೆಂ.ಮೀ. ಗುಣಿಸಿ ನೋಡಿ: ಕಾಲುವೆಯ ಉದ್ದ ಸುಮಾರು ಅರ್ಧ ಕಿಲೋಮೀಟರ್!

ಹೊರ ಅಂಚಿನಲ್ಲಿ ಮುಳ್ಳು ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸಾಗುತ್ತದೆ, ಒಳಭಾಗದಲ್ಲಿ ಸುಮಾರು 21 ಸೆಂ.ಮೀ. ಸೆಕೆಂಡಿಗೆ 10,000 ಕಂಪನಗಳ ಧ್ವನಿಯ ಒಂದು ಅಲೆ ಒಳಭಾಗದಲ್ಲಿ ಕೇವಲ 21 ಮೈಕ್ರಾನ್ ಜಾಗದಲ್ಲಿ ಅಡಗಿರುತ್ತದೆ. ಅಷ್ಟೇ ಗಾತ್ರದ ಒಂದು ಧೂಳಿನ ಕಣ ಅಲ್ಲಿ ಕುಳಿತರೆ ಮುಳ್ಳಿಗೆ ಅದೂ ಒಂದು ಸ್ವರವೇ. ನಮ್ಮ ಕಿವಿಗೆ ಅದು 'ಟಿಕ್' ಎನ್ನುತ್ತದೆ.

ಇನ್ನು ಒತ್ತಡ. ಎಲ್.ಪಿ. ಮುಳ್ಳಿನ ಭಾರ 2 ಗ್ರಾಂ ಇರಲಿ, ಅದು ತಾಗುವ ಜಾಗ ಎರಡೂ ದಡ ಸೇರಿ 100 ಚದರ ಮೈಕ್ರಾನ್ ಇರಲಿ. ಭಾರವನ್ನು ಕ್ಷೇತ್ರದಿಂದ ಭಾಗಿಸಿದರೆ ಒತ್ತಡ ಸುಮಾರು 2,000 ವಾಯುಭಾರ! ಗಾಳಿಯ ಧೂಳಿನಲ್ಲಿ ಸಾಮಾನ್ಯವಾಗಿರುವ ಕ್ವಾರ್ಟ್ಜ್ ಕಣ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಇಂಥ ಕಣವನ್ನು ಆ ಒತ್ತಡದಲ್ಲಿ ಮೆತ್ತನೆಯ ದಡಕ್ಕೆ ಒತ್ತಿದರೆ ಏನಾದೀತು ಎಂಬುದನ್ನು ನೀವೇ ಊಹಿಸಿ. ಧೂಳಿದ್ದ ಪ್ಲೇಟನ್ನು ಒಮ್ಮೆ ಹಾಕಿ ಕೇಳಿದರೂ ಗಾಯ ಶಾಶ್ವತ.

ನಮ್ಮ ಸೀಮೆಯ ಹವೆ

ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಮುಟ್ಟುತ್ತದೆ, ಗಾಳಿ ಒಣಗಿರುತ್ತದೆ. ಆಗ ವಿನೈಲ್ ಪ್ಲೇಟನ್ನು ಲಕೋಟೆಯಿಂದ ಎಳೆದರೆ ಸಾಕು, ಉಜ್ಜಾಟದಿಂದ ಅದು ಋಣ ಆವೇಶ ಪಡೆಯುತ್ತದೆ. ಕಾಗದದ ಚೂರುಗಳನ್ನು ಹತ್ತಿರ ಹಿಡಿದು ನೋಡಿ, ಹಾರಿ ಅಂಟುತ್ತವೆ. ಧೂಳೂ ಹಾಗೆಯೇ ಅಂಟುತ್ತದೆ. ಒಣ ಬಟ್ಟೆಯಿಂದ ಜೋರಾಗಿ ಒರೆಸಿದರೆ ಆವೇಶ ಇನ್ನೂ ಹೆಚ್ಚಿ, ಹೋದ ಧೂಳು ಮರಳಿ ಬರುತ್ತದೆ. ತರಗತಿಯಲ್ಲಿ ಸ್ಥಾಯೀ ವಿದ್ಯುತ್ತಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಥೆ ಬೇರೆ. ತೇವದ ಗಾಳಿಯಲ್ಲಿ ಆವೇಶ ಸೋರಿಹೋಗುತ್ತದೆ, ಆದರೆ ಬೂಷ್ಟು ಬೆಳೆಯುತ್ತದೆ. ಕಾಗದದ ಲಕೋಟೆ, ಬೆರಳಿನ ಎಣ್ಣೆಯ ಗುರುತು ಅದಕ್ಕೆ ಆಹಾರ.

ಹುಮನಾಬಾದಿನ ಗೆಳೆಯರೊಬ್ಬರು ತಮ್ಮ ಎಲ್.ಪಿ.ಗಳನ್ನು ತಗಡಿನ ಮಾಡಿನ ಕೋಣೆಯಲ್ಲಿ ಒಂದರ ಮೇಲೊಂದು ಅಡ್ಡಲಾಗಿ ಇಟ್ಟಿದ್ದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವು ಹಪ್ಪಳದಂತೆ ಸೊಟ್ಟಗಾದವು. ಸುಮಾರು 60 ಡಿಗ್ರಿಯಲ್ಲಿ ವಿನೈಲ್ ಬಾಗತೊಡಗುತ್ತದೆ. ಬಿಸಿಲಿಗೆ ಕಾದ ತಗಡಿನ ಕೆಳಗೂ, ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಲ್ಲೂ ತಾಪ ಅದರ ಹತ್ತಿರ ಹೋಗುತ್ತದೆ. ಸೊಟ್ಟಗಾದ ಪ್ಲೇಟಿನಲ್ಲಿ ಮುಳ್ಳು ಏರಿಳಿಯುವಾಗ ಷಡ್ಜವೂ ತೂಗಾಡುತ್ತದೆ.

ಒರೆಸುವುದು ಹೇಗೆ?

ಮೊದಲು ಪ್ಲೇಟನ್ನು ಗುರುತಿಸಿ. 78 ಸುತ್ತು ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಅರಗು. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ: ಅರಗು ಹೆಂಚಿನಂತೆ ಟಣ್ ಎನ್ನುತ್ತದೆ, ವಿನೈಲ್ ಮಂದವಾಗಿ ಸದ್ದು ಮಾಡುತ್ತದೆ. ಬಾಗಿಸಿ ನೋಡಬೇಡಿ, ಅರಗು ಒಡೆಯುತ್ತದೆ. ಸಂದೇಹವಿದ್ದರೆ ಅರಗೆಂದೇ ತಿಳಿಯಿರಿ.

ಎರಡಕ್ಕೂ ಮೊದಲ ಕೆಲಸ ಒಂದೇ. ಮೃದುವಾದ ಬ್ರಷ್‌ನಿಂದ, ಗೆರೆಯ ದಿಕ್ಕಿನಲ್ಲೇ, ಸುತ್ತಿನಂತೆ ಧೂಳು ತೆಗೆಯಿರಿ. ನಡುವಿನಿಂದ ಅಂಚಿಗೆ ಅಡ್ಡಲಾಗಿ ಎಳೆಯಬೇಡಿ. ಬೂಷ್ಟಿದ್ದರೆ ಮನೆಯ ಹೊರಗೆ, ಮೂಗುಬಾಯಿ ಮುಚ್ಚಿಕೊಂಡು ಈ ಕೆಲಸ ಮಾಡಿ.

ವಿನೈಲ್‌ಗೆ: ಅರ್ಧ ಲೀಟರ್ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ತೊಟ್ಟು. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ನೀರು ಸೂಕ್ಷ್ಮ ಕಾಲುವೆಯ ತಳ ಮುಟ್ಟುತ್ತದೆ. ನಡುವಿನ ಕಾಗದದ ಚೀಟಿಗೆ ನೀರು ತಾಗದಂತೆ ಒರೆಸಿ, ಬರೀ ಬಟ್ಟಿ ನೀರಿನಿಂದ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಆರಿಸಿ. ಬೋರ್‌ವೆಲ್ ನೀರು ಬೇಡ. ಅದು ಆರಿದಾಗ ಉಳಿಯುವ ಲವಣ ಪಾತ್ರೆಯ ಬಿಳಿ ಕಲೆಯಂತೆ ಕಾಲುವೆಯಲ್ಲೂ ಕೂರುತ್ತದೆ.

ಅರಗಿಗೆ: ಅದೇ ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬೇಗ ಒರೆಸಿ, ಬರೀ ಬಟ್ಟಿ ನೀರಿನ ಒದ್ದೆ ಬಟ್ಟೆಯಾಡಿಸಿ, ಕೂಡಲೇ ಒಣಗಿಸಿ. ನೀರಿನಲ್ಲಿ ನೆನೆಹಾಕಬೇಡಿ, ಒಳಗಿನ ಪುಡಿ, ಎಳೆಗಳು ತೇವ ಹೀರಿ ಉಬ್ಬುತ್ತವೆ. ಸ್ಪಿರಿಟ್ ಯಾವ ರೂಪದಲ್ಲೂ ಬೇಡ. ವಿನೈಲ್‌ಗೆಂದು ಮಾರುವ ಕೆಲವು ದ್ರಾವಣಗಳಲ್ಲಿ ಆಲ್ಕೊಹಾಲ್ ಇರುತ್ತದೆ. ಸೀಸೆಯ ಚೀಟಿ ಓದದೆ ಅವನ್ನು ಅರಗಿಗೆ ಹಚ್ಚಬೇಡಿ. ಎಲ್.ಪಿ. ಮುಳ್ಳಿನಲ್ಲಿ 78ರ ಪ್ಲೇಟು ಕೇಳುವುದೂ ತಪ್ಪು. ಆ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ ತ್ರಿಜ್ಯದ್ದು. 78ರ ಅಗಲ ಕಾಲುವೆಗೆ ಬೇಕಾದದ್ದು ಸುಮಾರು 75 ಮೈಕ್ರಾನ್. ಸಣ್ಣ ಮುಳ್ಳು ದಡಗಳನ್ನು ಬಿಟ್ಟು ತಳದ ಕೊಳೆಯಲ್ಲಿ ಓಡುತ್ತದೆ.

ತೊಳೆದ ಪ್ಲೇಟನ್ನು ಹಳೆಯ ಕೊಳಕು ಲಕೋಟೆಗೆ ಹಾಕಬೇಡಿ. ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಓರೆಯಾಗಿ ಬೇಡ. ತೇವದ ಗೋಡೆಯಿಂದಲೂ ಬಿಸಿಲಿನಿಂದಲೂ ದೂರವಿಡಿ.

ಏಕಿಷ್ಟು ಆರೈಕೆ?

ಗಂಗೂಬಾಯಿ ಹಾನಗಲ್ಲರ ಗಂಭೀರ ಧ್ವನಿ ನಮಗೆಲ್ಲ ಗೊತ್ತು. ಆದರೆ 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಅವರು ಹಾಡಿದ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಅವರ ಧ್ವನಿಯೇ ಬದಲಾಯಿತು. ಆ ಮೊದಲ ಕಂಠಕ್ಕೆ ಅರಗೇ ಸಾಕ್ಷಿ. ಆ ಕಾಲದ ಅನೇಕ ಲೋಹದ ಅಚ್ಚುಗಳು ಇಂದು ಉಳಿದಿಲ್ಲ. ಯಾರದೋ ಮನೆಯ ಟ್ರಂಕಿನಲ್ಲಿರುವ ಪ್ರತಿಯೇ ಕೊನೆಯದಾಗಿರಬಹುದು.

ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. ಅಲ್ಲಿ ದತ್ತ ಜಯಂತಿಯ ಹೊತ್ತಿಗೆ ಸಂಗೀತ ದರ್ಬಾರು ನಡೆಯುವ ಪರಂಪರೆಯುಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಒಟ್ಟಿಗೆ ಬಾಳಿದವು. ಮಾವನ ಟ್ರಂಕಿನಲ್ಲಿ ಕವ್ವಾಲಿಯ ಪಕ್ಕದಲ್ಲೇ ನಾಟಕದ ಪದಗಳಿದ್ದದ್ದು ಆಶ್ಚರ್ಯವಲ್ಲ.

ಇನ್ನು ಕಲ್ಯಾಣದ ಶರಣರ ವಚನಗಳು ನಮಗೆ ದಕ್ಕಿದ್ದಾದರೂ ಹೇಗೆ? ತಾಳೆಗರಿಯ ಕಟ್ಟುಗಳನ್ನು ಕಾಪಾಡಿದ ಮನೆ, ಮಠಗಳಿಂದ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿದರು. ತಾಳೆಗರಿ ಒಡೆಯದಿರಲು ನಿಂಬೆಹುಲ್ಲಿನ ಎಣ್ಣೆ ಹಚ್ಚುತ್ತಾರೆ. ಆ ಎಣ್ಣೆಯನ್ನು ಪ್ಲೇಟಿಗೆ ಹಚ್ಚಿದರೆ ಧೂಳು ಕಚ್ಚಿಕೊಂಡು ಗೆರೆ ಮುಚ್ಚುತ್ತದೆ. ಕಾಪಾಡುವ ಮನಸ್ಸಿನ ಜೊತೆಗೆ ವಸ್ತುವಿನ ಗುಣವೂ ತಿಳಿದಿರಬೇಕು.

ಶಿಕ್ಷಕರೇ, ಮುಂದಿನ ರಜೆಯಲ್ಲಿ ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಿ. ತಮ್ಮ ಓಣಿಯ ಮನೆಗಳಲ್ಲಿ ಪ್ಲೇಟುಗಳಿವೆಯೇ ಎಂದು ಕೇಳಲಿ. ಅರಗೋ ವಿನೈಲೋ, ಹಾಡಿದವರು ಯಾರು, ಚೀಟಿಯ ಮೇಲಿನ ಸಂಖ್ಯೆ ಏನು ಎಂದು ಬರೆದುಕೊಳ್ಳಲಿ. ಒರೆಸುವುದು ಆಮೇಲೆ. ಸರಿಯಾದ ಮುಳ್ಳಿನಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ದಾಖಲಿಸಿಕೊಂಡರೆ ಪ್ಲೇಟಿಗೆ ವಿಶ್ರಾಂತಿ ಕೊಡಬಹುದು. ನಾನು ಉಜ್ಜಿ ಕಳೆದ ಹಾಡು ಯಾವುದೆಂದು ಚೀಟಿಯಲ್ಲಿ ಓದಿ ಬರೆದಿಟ್ಟಿದ್ದರೆ, ಇಂದು ಅದರ ಇನ್ನೊಂದು ಪ್ರತಿಯನ್ನಾದರೂ ಹುಡುಕಬಹುದಿತ್ತು.