ಎಣಿಕೆಯೋ, ಲಯವೋ? ಬೇಸ್ ಗಿಟಾರ್ ಹೇಳುವ ಚರಿತ್ರೆ



ವಾದ್ಯವೃಂದವನ್ನು ಕೇಳುವಾಗ ನಮ್ಮ ಗಮನ ಹಾಡುಗಾರನ ಕಡೆಗೆ ಹರಿಯುವುದು ಸಹಜ. ಒಮ್ಮೆ ಎಲ್ಲಕ್ಕಿಂತ ಕೆಳಗಿನ ಸ್ಥಾಯಿಯಲ್ಲಿ ಮೊಳಗುವ ದನಿಗೆ ಕಿವಿಗೊಡಿ. ಅದು ಬೇಸ್ ಗಿಟಾರ್. ಡ್ರಮ್ಮಿನ ಪೆಟ್ಟು ಒಂದು ಕಡೆ, ಹಾಡಿನ ಸ್ವರ ಇನ್ನೊಂದು ಕಡೆ. ಎರಡನ್ನೂ ಬೆಸೆಯುವುದು ಅದರ ಕೆಲಸ. ಬೇಸ್ ವಾದಕ ಕೊಂಚ ತಪ್ಪಿದರೂ ಇಡೀ ವೃಂದವೇ ಎಡವಿದಂತೆ ಕೇಳುತ್ತದೆ. ಹೀಗಾಗಿ ಅದನ್ನು ಕಲಿಯುವವರನ್ನೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ನುಡಿಸುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಬೇಕೇ? ಅಥವಾ ಎಣಿಕೆ ಬಿಟ್ಟು ಲಯವನ್ನು ಅನುಭವಿಸಬೇಕೇ?

ಈ ಪ್ರಶ್ನೆ ಬೇಸ್ ಗಿಟಾರಿಗಿಂತ ಹಳೆಯದು.

ನಾಡಿಯಿಂದ ಯಂತ್ರಕ್ಕೆ

ಜರ್ಮನಿಯ ಕೊಳಲುವಾದಕ ಕ್ವಾಂಟ್ಸ್ 1752ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸಂಗೀತದ ವೇಗವನ್ನು ಮನುಷ್ಯನ ನಾಡಿಯಿಂದ ಅಳೆಯಬಹುದೆಂದು ಬರೆದ. ನಿಮಿಷಕ್ಕೆ ಸುಮಾರು 80 ಬಡಿತ ಅವನ ಅಳತೆಗೋಲು. ಆದರೆ ನಾಡಿ ಎಲ್ಲರಲ್ಲೂ ಒಂದೇ ಅಲ್ಲ. ಜ್ವರ ಬಂದರೆ, ಹೆದರಿದರೆ ಅದು ಓಡುತ್ತದೆ. 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ಎಂಬಾತ ಎರಡು ತುದಿಗಳಲ್ಲೂ ತೂಕವಿರುವ ಲೋಲಕವನ್ನು ರಚಿಸಿದ. ಅದಕ್ಕೆ ಅಂಕಪಟ್ಟಿ ಸೇರಿಸಿ, 1815ರಲ್ಲಿ ಪೇಟೆಂಟ್ ಪಡೆದು, 'ಮೆಟ್ರೋನೋಮ್' ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದವನು ಮೇಲ್ಟ್ಸೆಲ್. 1817ರಲ್ಲಿ ಬೀಥೋವನ್ ತನ್ನ ಸಿಂಫನಿಗಳಿಗೆ ಮೆಟ್ರೋನೋಮಿನ ಅಂಕಿಗಳನ್ನು ಪ್ರಕಟಿಸಿದ. ಹೀಗೆ ಲಯಕ್ಕೂ ಸಂಖ್ಯೆ ಬಂದಿತು. ನಿಮಿಷಕ್ಕೆ 60 ಎಂದರೆ ಒಂದು ಪೆಟ್ಟಿಗೆ ಒಂದು ಸೆಕೆಂಡು. 120 ಎಂದರೆ ಅರ್ಧ ಸೆಕೆಂಡು.

ಮುಂದಿನ ಹೆಜ್ಜೆ ಚಲನಚಿತ್ರದ್ದು. ದೂರದರ್ಶನದಲ್ಲಿ ನಾವು ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಕೆಲಸ ಮಾಡುತ್ತೇವೆ. ಚಲನಚಿತ್ರದಲ್ಲಿ ಅದು 24. ಪ್ರತಿ 12 ಫ್ರೇಮಿಗೊಮ್ಮೆ 'ಟಿಕ್' ಎನಿಸಿದರೆ ನಿಮಿಷಕ್ಕೆ ಸರಿಯಾಗಿ 120 ಪೆಟ್ಟು! 1920ರ ದಶಕದ ಕೊನೆಯಲ್ಲಿ ಡಿಸ್ನಿ ಸಂಸ್ಥೆಯ ವ್ಯಂಗ್ಯಚಿತ್ರಗಳಿಗೆ ಸಂಗೀತ ನೀಡಿದ ಕಾರ್ಲ್ ಸ್ಟಾಲಿಂಗ್ ಈ ಕ್ರಮವನ್ನು ರೂಢಿಗೆ ತಂದವರಲ್ಲಿ ಪ್ರಮುಖ. ಕಿವಿಯಲ್ಲಿ ಟಿಕ್ ಟಿಕ್ ಕೇಳುತ್ತ ವಾದಕರು ನುಡಿಸತೊಡಗಿದರು. ಎಣಿಸುವ ಕೆಲಸ ಯಂತ್ರದ ಪಾಲಾಯಿತು.

ಡೆಟ್ರಾಯಿಟ್ ನಗರದ ಒಂದು ಬೆರಳು

ಆಳೆತ್ತರದ, ನಿಲ್ಲಿಸಿಕೊಂಡೇ ನುಡಿಸಬೇಕಾದ ಡಬಲ್ ಬೇಸ್ ವಾದ್ಯ ಗದ್ದಲದ ಸಭಾಂಗಣದಲ್ಲಿ ಕೇಳಿಸುತ್ತಲೇ ಇರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಪ್ರಿಸಿಷನ್ ಎಂದರೆ ನಿಖರತೆ. ವೀಣೆಗಿರುವಂತೆ ಇದಕ್ಕೂ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ತಪ್ಪುವ ಭಯ ಹೋಯಿತು. ಗಮನಿಸಿ: ವಾದ್ಯಕ್ಕೆ ಸ್ವರದ ನಿಖರತೆ ಬಂದಿತು, ಕಾಲದ ನಿಖರತೆ ಬರಲಿಲ್ಲ. ಅದು ವಾದಕನ ಹೊಣೆಯಾಗಿಯೇ ಉಳಿಯಿತು.

ಆ ಹೊಣೆಯನ್ನು ಹೊತ್ತವರಲ್ಲಿ ಜೇಮ್ಸ್ ಜೇಮರ್ಸನ್ ಹೆಸರು ದೊಡ್ಡದು. 1936ರಲ್ಲಿ ಜನಿಸಿದ ಈ ಕಪ್ಪುಜನಾಂಗದ ಕಲಾವಿದ, ಮೋಟಾರು ಕಾರಖಾನೆಗಳ ಊರಾದ ಡೆಟ್ರಾಯಿಟ್‌ನ ಶಾಲೆಯಲ್ಲಿ ಡಬಲ್ ಬೇಸ್ ಕಲಿತವರು. 1959ರಲ್ಲಿ ಬೆರ್ರಿ ಗೋರ್ಡಿ ಅಲ್ಲಿ ಸ್ಥಾಪಿಸಿದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಅವರು ನೂರಾರು ಹಾಡುಗಳಿಗೆ ಬೇಸ್ ನುಡಿಸಿದರು. ಅದೂ ಬಲಗೈಯ ತೋರುಬೆರಳೊಂದರಿಂದಲೇ. ಅವರ ಸ್ವರಗಳು ಪೆಟ್ಟಿನ ಮೇಲೆ ಮಾತ್ರ ಬೀಳುತ್ತಿರಲಿಲ್ಲ; ಪೆಟ್ಟುಗಳ ನಡುವಿನ ಸಂದಿಗಳಲ್ಲಿ ಹೊಕ್ಕು ಹೊರಡುತ್ತಿದ್ದವು. ಹಾಗೆಂದು ಅವರು ಲೆಕ್ಕ ಅರಿಯದವರಲ್ಲ. ಬರೆದ ಸ್ವರಲಿಪಿಯನ್ನು ಓದಿ ನುಡಿಸಬಲ್ಲವರಾಗಿದ್ದರು. ಎಣಿಕೆ ಮೈಗೂಡಿದ್ದರಿಂದಲೇ ಅದರ ನಡುವೆ ಅಷ್ಟು ಸ್ವತಂತ್ರವಾಗಿ ಓಡಾಡಲು ಅವರಿಗೆ ಸಾಧ್ಯವಾಯಿತು.

ಲೋಕ ಕುಣಿದದ್ದು ಅವರ ಲಯಕ್ಕೆ. ಆದರೆ ವರ್ಷಗಟ್ಟಲೆ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅವರ ಹೆಸರೇ ಇರಲಿಲ್ಲ. ಮೋಟೌನ್ ಮುದ್ರಿಕೆಯೊಂದು ವಾದಕರ ಹೆಸರುಗಳನ್ನು ಅಚ್ಚು ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಹೊರಬಂದಾಗ. ಜೇಮರ್ಸನ್ 1983ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯಂತ್ರ ಕಲಿತ ಪಾಠ

ಅಷ್ಟರಲ್ಲಿ ಇನ್ನೊಂದು ಯಂತ್ರ ಬಂದಿತ್ತು. 1980ರಲ್ಲಿ ಅಮೆರಿಕದ ರೋಜರ್ ಲಿನ್, ನಿಜವಾದ ಡ್ರಮ್ಮುಗಳ ಧ್ವನಿಯನ್ನೇ ಅಂಕರೂಪದಲ್ಲಿ ಅಡಗಿಸಿಟ್ಟ 'ಎಲ್‌ಎಂ-1' ಡ್ರಮ್ ಯಂತ್ರವನ್ನು ಹೊರತಂದರು. ಅತ್ತಿತ್ತ ಬಿದ್ದ ಪೆಟ್ಟನ್ನು ಅದು ತಾನೇ ಸರಿಯಾದ ಜಾಗಕ್ಕೆ ಕೂರಿಸುತ್ತಿತ್ತು. ಆದರೆ ಎಲ್ಲವೂ ಸಮನಾಗಿ ಬಿದ್ದರೆ ಜಾಸ್ ಸಂಗೀತದ ತೂಗಾಟ, ಅಂದರೆ 'ಸ್ವಿಂಗ್', ಬರುವುದಿಲ್ಲ. ಅದಕ್ಕಾಗಿ ಯಂತ್ರದಲ್ಲಿ ಬೇರೆ ಏರ್ಪಾಡು ಮಾಡಬೇಕಾಯಿತು. ಲೆಕ್ಕ ನೋಡಿ: ನಿಮಿಷಕ್ಕೆ 120ರ ವೇಗದಲ್ಲಿ ಒಂದು ಪೆಟ್ಟು 500 ಮಿಲಿಸೆಕೆಂಡು. ಅದನ್ನು ಸಮನಾಗಿ ಒಡೆದರೆ 250, 250. ತೂಗಾಡುವಂತೆ ಒಡೆದರೆ ಸುಮಾರು 333, 167. ನಾವು 'ಅನುಭವ' ಎನ್ನುವುದರಲ್ಲೂ ಅಳತೆಯಿದೆ. ನಿಜವಾದ ವಾದಕನಲ್ಲಿ ಮಾತ್ರ ಆ ಅಳತೆ ಹಾಡಿನಿಂದ ಹಾಡಿಗೆ, ಸಾಲಿನಿಂದ ಸಾಲಿಗೆ ಬದಲಾಗುತ್ತದೆ.

ಎಣಿಕೆಯೇ ಲಯವಾದಾಗ

ಈ ಜಗಳಕ್ಕೆ ನಮ್ಮ ಸಂಗೀತದಲ್ಲಿ ಒಳ್ಳೆಯ ಉತ್ತರವಿದೆ. ಆದಿತಾಳ ಹಾಕುವಾಗ ಕೈ ಎಂಟು ಎಣಿಕೆಗಳನ್ನು ತೋರಿಸುತ್ತಲೇ ಇರುತ್ತದೆ, ಗಾಯನಕ್ಕೆ ಅಡ್ಡಿಯಾಗುವುದಿಲ್ಲ. ಮೃದಂಗದ ವಿದ್ಯಾರ್ಥಿ ಅಂಕಿಗಳ ಬದಲು ಸೊಲ್ಲುಗಳನ್ನು ಹೇಳುತ್ತಾನೆ: ನಾಲ್ಕಕ್ಕೆ 'ತಕದಿಮಿ', ಮೂರಕ್ಕೆ 'ತಕಿಟ'. ಅರ್ಧ ಸೆಕೆಂಡಿನಲ್ಲಿ 'ಒಂದು, ಎರಡು, ಮೂರು, ನಾಲ್ಕು' ಎಂದು ಹೇಳಲು ನಾಲಗೆ ತಡವರಿಸುತ್ತದೆ. 'ತಕದಿಮಿ' ಸಲೀಸಾಗಿ ಹೊರಳುತ್ತದೆ. ಅಲ್ಲಿ ಎಣಿಕೆಯೇ ನಾದವಾಗಿರುತ್ತದೆ. 1964ರಲ್ಲಿ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆಗೂಡಿ 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆ ಮಾಡಿದರು. ಜಾಸ್ ಮತ್ತು ತಾಳ ಅಲ್ಲಿ ಕೈಕುಲುಕಿದವು.

ನೀವೇ ಪ್ರಯೋಗ ಮಾಡಿ ನೋಡಿ. ಸೆಕೆಂಡ್ ಮುಳ್ಳಿರುವ ಗಡಿಯಾರವನ್ನು ಗೆಳೆಯರೊಬ್ಬರ ಕೈಗೆ ಕೊಡಿ. ಮುಳ್ಳು 12ಕ್ಕೆ ಬಂದಾಗ ಅವರು ಸೂಚನೆ ಕೊಡಲಿ. ನೀವು ಕಣ್ಣುಮುಚ್ಚಿ, ಸೆಕೆಂಡಿಗೆ ಒಂದರಂತೆ, ಅಂಕಿಗಳನ್ನು ಎಣಿಸುತ್ತ 30 ಚಪ್ಪಾಳೆ ತಟ್ಟಿ. ಕೊನೆಯ ಚಪ್ಪಾಳೆಗೆ ಮುಳ್ಳು ಎಲ್ಲಿದೆ ಎಂದು ಅವರು ಬರೆದುಕೊಳ್ಳಲಿ. ಎರಡನೆಯ ಸಲ ಪ್ರತಿ ಚಪ್ಪಾಳೆಗೆ 'ತಕದಿಮಿ' ಎನ್ನಿ. ಮೂರನೆಯ ಸಲ ಏನನ್ನೂ ಹೇಳದೆ ತಟ್ಟಿ. ಎಣಿಸುವ ಕೆಲಸ ಗೆಳೆಯರದಾಗಿರಲಿ. ಮೂರು ಫಲಿತಾಂಶಗಳನ್ನೂ ಹೋಲಿಸಿ. ಒಂದು ವಾರ ಅಭ್ಯಾಸ ಮಾಡಿ, ಮತ್ತೆ ಅಳೆಯಿರಿ. ಮೂರನೆಯ ಫಲಿತಾಂಶ ಮೊದಲೆರಡಕ್ಕೆ ಎಷ್ಟು ಹತ್ತಿರ ಬಂದಿದೆಯೋ, ಎಣಿಕೆ ಅಷ್ಟರಮಟ್ಟಿಗೆ ನಿಮ್ಮ ಮೈಗೆ ಇಳಿದಿದೆ ಎಂದು ತಿಳಿಯಿರಿ.