ಕ್ರಾಸ್ ಕಂಪೈಲರ್: ಬೀಜ ಮೊದಲೋ, ವೃಕ್ಷ ಮೊದಲೋ?

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಒಂದು ಬಗೆಯ ಗಣಕದ ಮೇಲೆ ನಡೆಯುತ್ತ ಮತ್ತೊಂದು ಬಗೆಯ ಪ್ರೊಸೆಸರ್‌ಗೆ ಯಂತ್ರಭಾಷೆಯನ್ನು ಸಿದ್ಧಪಡಿಸುವುದು ಕ್ರಾಸ್ ಕಂಪೈಲರ್. ಹೊಸ ಪ್ರೊಸೆಸರ್‌ಗೆ ಲಿನಕ್ಸ್ ತರಬೇಕೆಂದರೆ ಇದು ಅನಿವಾರ್ಯ. ಆ ಯಂತ್ರದ ಮೇಲೆಯೇ ನಡೆಯುವ ಕಂಪೈಲರ್ ಇನ್ನೂ ಹುಟ್ಟಿರುವುದಿಲ್ಲವಷ್ಟೆ.

ಇದನ್ನು ಕಟ್ಟುವಲ್ಲಿ ಎದುರಾಗುವುದು ಬೀಜವೃಕ್ಷ ನ್ಯಾಯ. ಜಿಸಿಸಿ ಕಂಪೈಲರ್‌ನ ಜೊತೆಗೆ ಬರುವ ಸಹಾಯಕ ಲೈಬ್ರರಿಗಳು ಪೂರ್ಣಗೊಳ್ಳಲು ಜಿಲಿಬ್‌ಸಿ ಎಂಬ ಸಿ ಲೈಬ್ರರಿ ಬೇಕು. ಜಿಲಿಬ್‌ಸಿಯನ್ನು ಕಂಪೈಲ್ ಮಾಡಲು ಜಿಸಿಸಿಯೇ ಬೇಕು.

ಈ ವರ್ತುಲವನ್ನು ಮುರಿಯುವುದು ಒಂದು ಅಪೂರ್ಣ ಕಂಪೈಲರ್. ಮೊದಲು ಅಸೆಂಬ್ಲರ್ ಹಾಗೂ ಲಿಂಕರ್‌ಗಳನ್ನೊಳಗೊಂಡ ಬಿನ್‌ಯುಟಿಲ್ಸ್ ಸಿದ್ಧವಾಗುತ್ತದೆ. ಅದಕ್ಕೆ ಹೊಸ ಯಂತ್ರದ ಲೈಬ್ರರಿಯ ಹಂಗಿಲ್ಲ. ಬಳಿಕ ಸಿ ಭಾಷೆಯನ್ನು ಮಾತ್ರ ಬಲ್ಲ, ಥ್ರೆಡ್ ಸೌಲಭ್ಯವೂ ಇಲ್ಲದ ಜಿಸಿಸಿ. ಇದರಿಂದಲೂ ಲಿನಕ್ಸ್ ಕರ್ನಲ್‌ನ ಹೆಡರ್ ಕಡತಗಳಿಂದಲೂ ಜಿಲಿಬ್‌ಸಿ ನಿರ್ಮಾಣವಾಗುತ್ತದೆ. ಅದನ್ನು ಆಧರಿಸಿ ಸಿ++ ಸಹಿತವಾದ ಪೂರ್ಣ ಜಿಸಿಸಿಯನ್ನು ಮತ್ತೆ ಕಟ್ಟಲಾಗುತ್ತದೆ. ಕಮಾನು ಗಟ್ಟಿಯಾದ ಮೇಲೆ ಮರದ ಆಧಾರವನ್ನು ತೆಗೆಯುವಂತೆ ಮೊದಲಿನ ಕಂಪೈಲರನ್ನು ಕೈಬಿಡಲಾಗುತ್ತದೆ.

ಕೈಯಾರೆ ಒಮ್ಮೆ ಮಾಡುವವರಿಗೆ ಇಷ್ಟು ಸಾಕು. ಪ್ಯಾಕೇಜ್ ರೂಪಿಸುವವರ ಕಷ್ಟ ಬೇರೆ. ಡೆಬಿಯನ್‌ನಂತಹ ವಿತರಣೆಗಳಲ್ಲಿ ನಿರ್ಮಾಣ ಯಂತ್ರವು ಪ್ಯಾಕೇಜ್ ಬೇಡುವ ಎಲ್ಲ ಅವಲಂಬನೆಗಳನ್ನು ಮೊದಲೇ ಅನುಸ್ಥಾಪಿಸಿಕೊಂಡ ನಂತರವೇ ಕೆಲಸಕ್ಕೆ ತೊಡಗುತ್ತದೆ. ಪಟ್ಟಿಯಲ್ಲೇ ವರ್ತುಲವಿದ್ದರೆ ಕೆಲಸ ಆರಂಭವೇ ಆಗದು. ಆದ್ದರಿಂದ ಡೆಬಿಯನ್ 'ಬಿಲ್ಡ್ ಪ್ರೊಫೈಲ್' ಎಂಬ ವ್ಯವಸ್ಥೆಯನ್ನು ರೂಪಿಸಿತು. ಮೊದಲ ಹಂತದಲ್ಲಿ ಯಾವ ಅವಲಂಬನೆ ಬೇಡವೆಂಬುದನ್ನು ಪ್ಯಾಕೇಜಿನಲ್ಲಿಯೇ ಗುರುತಿಸಬಹುದು. ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಟ್ಟಿರುವುದೇ ಇದರ ಹೆಚ್ಚುಗಾರಿಕೆ; ಯಾರೋ ಒಬ್ಬರ ಸ್ಮರಣೆಯಲ್ಲಿರುವ ಕ್ರಮವು ಮುಂದಿನ ಪ್ರೊಸೆಸರ್ ಬಂದಾಗ ನೆರವಾಗದು. ರಿಸ್ಕ್-ಫೈವ್ ಪ್ರೊಸೆಸರ್‌ಗಳಿಗೆ ಅಧಿಕೃತ ಬೆಂಬಲವುಳ್ಳ ಮೊದಲ ಡೆಬಿಯನ್ ಆವೃತ್ತಿ, 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13.

ವರ್ತುಲದಲ್ಲಿ ನಂಬಿಕೆಯ ಪ್ರಶ್ನೆಯೂ ಇದೆ. ಮೂಲ ಪಠ್ಯದಲ್ಲಿ ಸುಳಿವೇ ಇಲ್ಲದ ಕಳ್ಳದಾರಿಯನ್ನು ಕಂಪೈಲರ್ ತನ್ನ ಮುಂದಿನ ಪೀಳಿಗೆಗೆ ದಾಟಿಸಬಲ್ಲದೆಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದರು. ಇದಕ್ಕೆ ಉತ್ತರವಾಗಿ 2023ರಲ್ಲಿ ಗೀಕ್ಸ್ ವಿತರಣೆಯು ಕೇವಲ 357 ಬೈಟ್‌ಗಳ ಬೀಜದಿಂದ ಜಿಸಿಸಿವರೆಗಿನ ಸರಪಳಿಯನ್ನು ಬೆಳೆಸಿತು. ಆದರೂ ಆ ನಿರ್ಮಾಣವನ್ನು ನಡೆಸಲು ಲಿನಕ್ಸ್ ಕರ್ನಲ್ ಹಾಗೂ ಗೈಲ್ ಎಂಬ ಪ್ರೋಗ್ರಾಮ್ ಸಿದ್ಧ ರೂಪದಲ್ಲಿಯೇ ಬೇಕಾದವು.