ನಡುವೂರು ಯಾವುದು?

ಹತ್ತು ಊರುಗಳಿಗೆ ಒಂದೇ ಕಚೇರಿ, ಒಂದೇ ಆಸ್ಪತ್ರೆ ಬರುವುದಾದರೆ ಅದು ಎಲ್ಲಿರಬೇಕು? ನಡುವೆ ಇರಲಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ನಡು ಯಾವುದೆಂಬಲ್ಲಿ ಮಾತ್ರ ತಕರಾರು ಹುಟ್ಟುತ್ತದೆ. ಈ ತಕರಾರಿಗೆ ಗಣಿತದಲ್ಲಿಯೂ ಚರಿತ್ರೆಯಿದೆ, ಗಡಿನಾಡಿನ ಬದುಕಿನಲ್ಲಿಯೂ ಚರಿತ್ರೆಯಿದೆ.

ಮೂರು ಬಿಂದುಗಳಿಂದ ಇರುವ ದೂರಗಳ ಮೊತ್ತ ಅತಿ ಕಡಿಮೆಯಾಗುವ ಸ್ಥಳ ಯಾವುದು? 17ನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಮುಂದಿಟ್ಟ ಈ ಸಮಸ್ಯೆಯನ್ನು ಇಟಲಿಯ ಟಾರಿಸೆಲ್ಲಿ ಬಿಡಿಸಿದನು. 1909ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಬರ್ ಅದೇ ವಿಚಾರವನ್ನು ಕಾರ್ಖಾನೆಗಳ ಸ್ಥಾನನಿರ್ಣಯಕ್ಕೆ ಬಳಸಿದನು. 1918ರಲ್ಲಿ ಅಮೆರಿಕದಲ್ಲಿ ದೇಶದ ನಕ್ಷೆಯನ್ನು ರಟ್ಟಿನಲ್ಲಿ ಕತ್ತರಿಸಿ, ಅದು ತೂಗಿ ನಿಲ್ಲುವ ಬಿಂದುವನ್ನು ಹುಡುಕಲಾಯಿತು. ಅದು ಕ್ಯಾನ್ಸಸ್ ಸಂಸ್ಥಾನದ ಲೆಬನಾನ್ ಎಂಬ ಸಣ್ಣ ಊರಿನ ಹತ್ತಿರ ಸಿಕ್ಕಿತು. ಆದರೆ ಅದು ನೆಲದ ನಡು, ಜನರ ನಡುವಲ್ಲ. ಜನರನ್ನೇ ತೂಕವಾಗಿಟ್ಟು ಲೆಕ್ಕ ಹಾಕಿದರೆ 1790ರಲ್ಲಿ ಮೇರಿಲ್ಯಾಂಡಿನಲ್ಲಿದ್ದ ನಡು, ಜನ ಪಶ್ಚಿಮಕ್ಕೆ ವಲಸೆ ಹೋದಂತೆ ಸರಿದು, 2020ರ ಜನಗಣತಿಯ ವೇಳೆಗೆ ಮಿಸೌರಿಯನ್ನು ಸೇರಿತ್ತು.

ಒಂದೇ ರಸ್ತೆಯಲ್ಲಿ ಮೂರು ಊರುಗಳಿವೆಯೆನ್ನಿ. ಮೊದಲನೆಯದರಿಂದ ಎರಡನೆಯದು 2 ಮೈಲು, ಮೂರನೆಯದು 10 ಮೈಲು. ಸರಾಸರಿ ಹಿಡಿದರೆ ಕಚೇರಿ 4ನೆಯ ಮೈಲಿನಲ್ಲಿ ಬರುತ್ತದೆ. ಮೂರೂ ಊರಿನವರ ನಡಿಗೆ ಒಟ್ಟು 12 ಮೈಲು. ಎರಡನೆಯ ಊರಿನಲ್ಲೇ ಇಟ್ಟರೆ ಒಟ್ಟು 10 ಮೈಲು ಮಾತ್ರ. ಆದರೆ ಕೊನೆಯ ಊರಿನವರೊಬ್ಬರೇ 8 ಮೈಲು ನಡೆಯಬೇಕು. 5ನೆಯ ಮೈಲಿನಲ್ಲಿಟ್ಟರೆ ಒಟ್ಟು ನಡಿಗೆ 13 ಮೈಲಿಗೆ ಏರುತ್ತದೆ, ಆದರೆ ಯಾರಿಗೂ 5 ಮೈಲು ಮೀರುವುದಿಲ್ಲ. ಮೂರೂ ಲೆಕ್ಕ ಸರಿಯೇ. ಯಾರ ಕಷ್ಟವನ್ನು ಮೊದಲು ಎಣಿಸಬೇಕೆಂಬುದನ್ನು ಗಣಿತ ಹೇಳುವುದಿಲ್ಲ, ಸಮಾಜ ಹೇಳಬೇಕು.

ಕಾಸರಗೋಡಿನ ಚರಿತ್ರೆ ಇದಕ್ಕೆ ನಿದರ್ಶನ. 1956ರ ನವೆಂಬರ್ 1ರ ತನಕ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕೇಂದ್ರ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರು. ರಾಜ್ಯ ಪುನರ್ವಿಂಗಡಣೆಯಾದಾಗ ತಾಲೂಕು ಮಲಬಾರ್ ಜಿಲ್ಲೆಗೆ ಸೇರಿ, ಕೇಂದ್ರ ಕೋಝಿಕ್ಕೋಡಾಯಿತು. 1957ರ ಜನವರಿ 1ರಂದು ಮಲಬಾರ್ ಒಡೆದು ಕಣ್ಣೂರು ಜಿಲ್ಲೆಯಾದಾಗ ಕೇಂದ್ರ ಸ್ವಲ್ಪ ಹತ್ತಿರ ಬಂದರೂ, ಮಂಜೇಶ್ವರದ ಕಡೆಯವರಿಗೆ ಮಂಗಳೂರೇ ಬಹಳ ಸಮೀಪವಾಗಿತ್ತು. ಊರುಗಳು ಇದ್ದಲ್ಲೇ ಇದ್ದವು. ನಡು ಮಾತ್ರ ಸ್ಥಳ ಬದಲಿಸಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ಉತ್ತರದವರಿಗೆ ಮಂಜೇಶ್ವರ, ಪೂರ್ವದ ಗುಡ್ಡಗಾಡಿನವರಿಗೆ ವೆಳ್ಳರಿಕುಂಡ್ ತಾಲೂಕುಗಳು ಬಂದವು. ಒಂದೇ ನಡು ಎಲ್ಲರಿಗೂ ಸಾಲದಾದಾಗ ನಡುಗಳನ್ನೇ ಹೆಚ್ಚಿಸುವುದು ಉಪಾಯ.

ದೂರವೆಂಬುದು ಮೈಲುಗಳಲ್ಲಿ ಮಾತ್ರ ಇರುವುದಲ್ಲ. ಕಚೇರಿ ಬಾಗಿಲಲ್ಲೇ ಇದ್ದರೂ ಅಲ್ಲಿ ತನ್ನ ಭಾಷೆ ನಡೆಯದಿದ್ದರೆ ಅರ್ಜಿ ಹಿಡಿದು ನಿಂತವನಿಗೆ ಅದು ದೂರವೇ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಬಳಸಿಕೊಳ್ಳುವುದೂ ದೂರವನ್ನು ಕಡಿಮೆ ಮಾಡುವ ದಾರಿಯೇ. ಅಂಚಿನ ಮನೆಯವನನ್ನೂ ಎಣಿಕೆಗೆ ಸೇರಿಸಿಕೊಂಡ ಸ್ಥಳವೇ ನಿಜವಾದ ನಡು.